ಅಕ್ಷರ ನೋಡ್ತೀನಿ, ಓದಲ್ಲ

ನಮ್ಮ ಕುಂಬಾರಕೊಪ್ಪಲಿನಲ್ಲಿ ಯಾರ ಮನೆಯ ಅಡುಗೆಮನೆಗೆ ಹೋಗಿ ಒಂದು ಸ್ಟೀಲ್ ಪಾತ್ರೆಯನ್ನು ಬೋರಲು ಹಾಕಿ ನೋಡಿದರೂ ಒಬ್ಬರದೇ ಕೈಬರಹ ಸಿಗುತ್ತದೆ. ಚುಕ್ಕೆ ಚುಕ್ಕೆಯಾಗಿ ಕೊರೆದ, ಸ್ವಲ್ಪ ಬಲಕ್ಕೆ ವಾಲಿದ ಅಕ್ಷರ. ಒತ್ತಕ್ಷರಗಳನ್ನು ಮಾತ್ರ ತೀರಾ ಚಿಕ್ಕದಾಗಿ, ಮುದ್ದಾಗಿ ಬರೆಯುತ್ತಿದ್ದರು. ಮದುವೆಗೆ ಉಡುಗೊರೆ ಬಂದ ಕೊಳದಪ್ಪಲೆ, ನಾಮಕರಣದ ಬಟ್ಟಲು, ಯಾರದೋ ಗೃಹಪ್ರವೇಶದಲ್ಲಿ ಹಂಚಿದ ತಟ್ಟೆ, ಎಲ್ಲದರ ಮೇಲೂ ಊರವರ ಹೆಸರು ಬರೆದದ್ದು ಅವರೇ. ಆ ಮನುಷ್ಯನ ಹೆಸರನ್ನು ಮಾತ್ರ ನಾನಿಲ್ಲಿ ಬರೆಯುತ್ತಿಲ್ಲ. ಮರೆತಿದ್ದೇನೆ ಎಂದುಕೊಳ್ಳಬೇಡಿ. ಬರೆದರೆ ಅವರಿಗೆ ಸರಿಬರುತ್ತಿರಲಿಲ್ಲ, ಅಷ್ಟೆ. ಹೋದ ತಿಂಗಳು ತೀರಿಕೊಂಡರು.

ನನ್ನದು ಜೆರಾಕ್ಸ್ ಮತ್ತು ಡಿಟಿಪಿ ಅಂಗಡಿ. ಅವರದು ಅದರ ಮುಂದಿನ ಜಗಲಿ. ಒಂದು ಮಣೆ, ಒಂದು ಮರದ ಪೆಟ್ಟಿಗೆ, ನನ್ನ ಅಂಗಡಿಯೊಳಗಿಂದ ಎಳೆದುಕೊಂಡ ಒಂದು ವೈರು, ಪೆನ್ನಿನ ಹಾಗೆ ಕೈಯಲ್ಲಿ ಹಿಡಿಯುವ ಹೆಸರು ಕೊರೆಯುವ ಮಿಷನ್ನು. ಇಷ್ಟೇ ಬಂಡವಾಳ. ಹೂಟಗಳ್ಳಿಯ ಒಂದು ಕಾರ್ಖಾನೆಯ ಟೂಲ್ ರೂಮಿನಲ್ಲಿ ಬಹಳ ವರ್ಷ ದುಡಿದು ರಿಟೈರಾದ ಮೇಲೆ, ಮನೆಯಲ್ಲಿ ಕೂತರೆ ಹೆಂಡತಿಯ ಕೆಲಸಕ್ಕೆ ಅಡ್ಡಿ ಎಂದು ಜಗಲಿಗೆ ಬಂದವರು. ಹುಟ್ಟೂರು ಮಂಡಕಳ್ಳಿಯ ಕಡೆ. "ನಮ್ಮಪ್ಪ ರಾಗಿ ಬಿತ್ತುತಿದ್ ಕಡೆ ಈಗ ಇಮಾನ ಇಳೀತದೆ" ಎಂದು ಯಾವ ನೋವೂ ಇಲ್ಲದೆ, ಬಸ್ಸಿನ ವೇಳೆ ಹೇಳುವವರ ಹಾಗೆ ಹೇಳುತ್ತಿದ್ದರು. ಜಗಲಿಗೆ ನಾನು ಬಾಡಿಗೆ ಕೇಳಲಿಲ್ಲ. ಕರೆಂಟಿನ ಲೆಕ್ಕಕ್ಕೆ ಅವರು ದಿನಾ ಹನ್ನೊಂದು ಗಂಟೆಗೆ ನನಗೊಂದು ಟೀ ಕೊಡಿಸುತ್ತಿದ್ದರು.

ಅವರಿಗೊಂದು ಕಟ್ಟುಪಾಡಿತ್ತು. ಗಿರಾಕಿ ಚೀಟಿಯಲ್ಲಿ ಬರೆದುಕೊಟ್ಟದ್ದನ್ನು ಪಾತ್ರೆಗೆ ಇಳಿಸುತ್ತಿದ್ದರು, ಚೀಟಿಯನ್ನು ಪಾತ್ರೆಯೊಳಗೇ ಹಾಕಿ ವಾಪಸ್ ಕೊಡುತ್ತಿದ್ದರು. ಆಮೇಲೆ ಯಾರು ಏನು ಕೇಳಿದರೂ ಅವರಿಗೆ ನೆನಪಿಲ್ಲ. ಒಮ್ಮೆ ಒಂದು ಮನೆಯವರು ಮದುವೆಗೆ ಮುಂಚೆ ಗಂಡು ಹೆಣ್ಣಿನ ಹೆಸರು ಹಾಕಿಸಿದ್ದ ಐವತ್ತು ತಟ್ಟೆಗಳನ್ನು ಗೋಣಿಚೀಲದಲ್ಲಿ ತಂದು, ತಲೆ ತಗ್ಗಿಸಿಕೊಂಡು, ಅಳಿಸಿಕೊಡಿ ಎಂದರು. ಎರಡು ದಿನ ಕೂತು ಎಮರಿ ಹಾಳೆಯಲ್ಲಿ ಉಜ್ಜಿ ಒಂದೊಂದನ್ನೂ ಹೊಸದು ಮಾಡಿಕೊಟ್ಟರು. ನನಗೋ ಕುತೂಹಲ ತಡೆಯಲಿಲ್ಲ. ಯಾರ ಮನೆಯದು ಅಣ್ಣ, ಯಾಕೆ ಮುರಿಯಿತಂತೆ ಎಂದೆ.

"ಯಾವ್ದು?"

"ಅದೇ, ಐವತ್ತು ತಟ್ಟೆ."

"ತಟ್ಟೆ ಕಣಪ್ಪ. ಎಂಟಿಂಚಿಂದು."

"ಹೆಸರು ಓದಿರ್ತೀರಲ್ಲ?"

"ಅಕ್ಷರ ನೋಡ್ತೀನಿ, ಓದಲ್ಲ" ಎಂದು ಮಿಷನ್ನು ಚಾಲು ಮಾಡಿದರು. ಮಿಷನ್ನು ಚಾಲು ಮಾಡಿದರೆಂದರೆ ಮಾತು ಮುಗಿಯಿತು ಎಂದರ್ಥ.

ಅಂಥವರಿಗೆ ನೆರೆಯಾಗಿ ಸಿಕ್ಕಿದ್ದು ನಾನು. ಜೆರಾಕ್ಸ್ ಅಂಗಡಿ ಎಂದರೆ ಊರಿನ ಗುಟ್ಟುಗಳೆಲ್ಲ ಬಂದು ಬೀಳುವ ಜಾಗ. ಆಧಾರ್, ಪಾನ್ ಕಾರ್ಡು, ಪಾಸ್‌ಬುಕ್ಕು, ವಿಚ್ಛೇದನದ ಅರ್ಜಿ, ಎಲ್ಲವನ್ನೂ ನನ್ನ ವಾಟ್ಸಾಪಿಗೆ ಕಳಿಸಿ ಪ್ರಿಂಟು ತೆಗೆಸಿಕೊಂಡು ಹೋಗುತ್ತಾರೆ. ನಾನು ಯಾವುದನ್ನೂ ಅಳಿಸುತ್ತಿರಲಿಲ್ಲ. ಸೋಮಾರಿತನ, ಇನ್ನೇನಿಲ್ಲ. ಹಾಳಾದ ಪ್ರತಿಗಳನ್ನು ಕಟ್ಟು ಕಟ್ಟಿ ರದ್ದಿಗೆ ಹಾಕುತ್ತಿದ್ದೆ. ಒಂದು ಸಂಜೆ ಅವರು ಸರ್ಕಲ್ಲಿನಿಂದ ಚುರುಮುರಿ ಪೊಟ್ಟಣ ಹಿಡಿದುಕೊಂಡು ಬಂದು ನನ್ನ ಮೇಜಿನ ಮೇಲೆ ಇಟ್ಟರು. ತಿನ್ನು ಎನ್ನಲಿಲ್ಲ. ಪೊಟ್ಟಣದ ಕಾಗದ ನೋಡಿದರೆ ನನ್ನ ಅಂಗಡಿಯ ಪ್ರತಿ. ಯಾರೋ ಹೆಣ್ಣುಮಗಳ ಬ್ಯಾಂಕ್ ಪಾಸ್‌ಬುಕ್ಕಿನ ಮೊದಲ ಪುಟ, ಫೋಟೋ ಸಮೇತ, ಅರ್ಧಕ್ಕೆ ಈರುಳ್ಳಿ ನೀರು ಹತ್ತಿತ್ತು. ಅವರು ಬೈಯಲಿಲ್ಲ. ಕಾಗದ ಹರಿಯುವ ಮಿಷನ್ನನ್ನು ಮಾರನೆಯ ವಾರವೇ ತಂದೆ.

ಇನ್ನೊಂದು ಕಿತಾಪತಿಯೂ ಇತ್ತು. ಅಂಗಡಿಗೆ ಬಂದವರು ಆನ್‌ಲೈನ್ ಅರ್ಜಿ ತುಂಬಿಸುವಾಗ ಫೋನು ನೋಡಿಕೊಂಡು ಓಟಿಪಿಯನ್ನು ಬೀದಿಗೆಲ್ಲ ಕೇಳುವ ಹಾಗೆ ಕೂಗಿ ಹೇಳುತ್ತಾರೆ. "ನಾಲ್ಕು... ಏಳು..." ಎಂದು ಶುರುವಾದ ಕೂಡಲೇ ಜಗಲಿಯಲ್ಲಿ ಗುಂಯ್ ಎಂದು ಸದ್ದು. ಯಾವುದೋ ಖಾಲಿ ತಟ್ಟೆಯ ಮೇಲೆ ಸುಮ್ಮನೆ ಮಿಷನ್ನು ಒತ್ತಿ ಹಿಡಿದಿರುತ್ತಿದ್ದರು. ಗಿರಾಕಿ ರೇಗಿಕೊಂಡು ನನ್ನ ಹತ್ತಿರ ಬಂದು ಕಿವಿಯಲ್ಲಿ ಹೇಳಬೇಕು. ಹೇಳಿ ಮುಗಿದ ಕೂಡಲೇ ಮಿಷನ್ನು ನಿಲ್ಲುತ್ತಿತ್ತು. ಇದು ಅವರು ಬೇಕಂತಲೇ ಮಾಡುವ ಉಪಕಾರ ಎಂದು ಗೊತ್ತಾಗಲು ನನಗೆ ಒಂದು ವರ್ಷ ಹಿಡಿಯಿತು.

ಇಷ್ಟೆಲ್ಲ ಕಂಡೂ ನಾನು ಬುದ್ಧಿ ಕಲಿತಿರಲಿಲ್ಲ ಎನ್ನುವುದಕ್ಕೆ ನನ್ನ ಬಿಟ್‌ಕಾಯಿನ್ ಪುರಾಣವೇ ಸಾಕ್ಷಿ.

ವರ್ಷಗಳ ಹಿಂದೆ, ಮೈಸೂರಿಗೆ ಯೋಗ ಕಲಿಯಲು ಬಂದಿದ್ದ ವಿದೇಶಿಯೊಬ್ಬ ತನ್ನದೊಂದು ದಪ್ಪ ಪುಸ್ತಕದ ಪುಟ ಕಟ್ಟುವ ಕೆಲಸ ನನಗೆ ಕೊಟ್ಟ. ಕೆಲಸ ಮುಗಿದ ಮೇಲೆ ಕೈಯಲ್ಲಿ ರೂಪಾಯಿ ಇಲ್ಲ, ಬಿಟ್‌ಕಾಯಿನ್ ಕೊಡುತ್ತೇನೆ ಎಂದ. ಫೋನಿನಲ್ಲಿ ಅದನ್ನಿಡುವ ವಾಲೆಟ್ ಎಂಬ ಆ್ಯಪ್ ಹಾಕಿಕೊಳ್ಳುವುದನ್ನು ಹೇಳಿಕೊಟ್ಟು, ಅದಕ್ಕೆ ಅಷ್ಟಿಷ್ಟು ಕಳಿಸಿ ಹೋದ. ಮೋಸಹೋದೆ ಎಂದುಕೊಂಡು ಮರೆತುಬಿಟ್ಟೆ. ಎಷ್ಟೋ ಕಾಲದ ಮೇಲೆ ತೆಗೆದು ನೋಡಿದರೆ ಅದು ಬೆಳೆದು ದೊಡ್ಡದಾಗಿತ್ತು. ನನ್ನ ಜಂಬವನ್ನು ಏನು ಹೇಳಲಿ. ಫೋನ್ ಪೇಮೆಂಟಿನ ಕ್ಯೂಆರ್ ಕೋಡಿನ ಚೌಕದ ಪಕ್ಕದಲ್ಲೇ ಬಿಟ್‌ಕಾಯಿನ್ ವಿಳಾಸದ ಚೌಕವನ್ನೂ ಪ್ರಿಂಟು ತೆಗೆದು ಗೋಡೆಗೆ ಅಂಟಿಸಿದೆ. ಕುಂಬಾರಕೊಪ್ಪಲಿನಲ್ಲಿ ಯಾರೂ ಅದರಲ್ಲಿ ಜೆರಾಕ್ಸಿನ ಕಾಸು ಕೊಡುವವರಿರಲಿಲ್ಲ ಅನ್ನುವುದು ಬೇರೆ ಮಾತು.

"ಇದೇನಪ್ಪ ಇನ್ನೊಂದು?" ಎಂದರು ಅವರು. ನಾನು ಉತ್ಸಾಹದಿಂದ ವಿವರಿಸಿದೆ. ಇದಕ್ಕೆ ಬ್ಯಾಂಕಿಲ್ಲ. ಯಾರು ಯಾವ ವಿಳಾಸಕ್ಕೆ ಎಷ್ಟು ಕಳಿಸಿದರು ಎನ್ನುವುದು ಒಂದು ದೊಡ್ಡ ಪುಸ್ತಕದಲ್ಲಿ ದಾಖಲಾಗುತ್ತದೆ, ಅದನ್ನು ಪ್ರಪಂಚದಲ್ಲಿ ಯಾರು ಬೇಕಾದರೂ ತೆರೆದು ನೋಡಬಹುದು. ಆದರೆ ಅಲ್ಲಿ ವಿಳಾಸ ಮಾತ್ರ ಇರುತ್ತದೆ, ಹೆಸರು ಇರುವುದಿಲ್ಲ.

"ಎಸ್ರು ಇಲ್ಲಿ ಬೋರ್ಡಲ್ಲೈತಲ್ಲ" ಎಂದರು ನನ್ನ ಅಂಗಡಿಯ ಫಲಕ ನೋಡುತ್ತಾ. "ವಿಳಾಸ ಗೋಡೆ ಮೇಲೈತೆ. ಎರಡನ್ನೂ ಸೇರ್ಸಿ ಓದೋನಿಗೆ ನಿನ್ ಪಾಸ್‌ಬುಕ್ಕೇ ಕೊಟ್ಟಂಗಾಯ್ತು." ಪೆಟ್ಟಿಗೆಯಿಂದ ಕೆರೆಯುವ ತಗಡು ತೆಗೆದು, ನನ್ನ ಅಪ್ಪಣೆ ಕೇಳದೆ ಆ ಚೌಕವನ್ನು ಗೋಡೆಯಿಂದ ಎಬ್ಬಿಸಿ ಕಿತ್ತರು. ನನಗೆ ಮುಖಭಂಗವಾಯಿತು. ಅವರು ಹೇಳಿದ್ದು ನೂರಕ್ಕೆ ನೂರು ಸರಿಯಾಗಿತ್ತು.

ಅದೇ ವರ್ಷ ಕಟ್ಟಡದ ಯಜಮಾನರು ಅಂಗಡಿಯ ಜಾಗವನ್ನು ಮಾರುವುದಾಗಿ ಹೇಳಿದರು. ಮೊದಲ ಅವಕಾಶ ನನಗೆ. ಧನುರ್ಮಾಸ ಮುಗಿದು ಸಂಕ್ರಾಂತಿ ಕಳೆದ ಮೇಲೆ ರಿಜಿಸ್ಟ್ರೇಷನ್. ಅಷ್ಟರೊಳಗೆ ಹೊಂದಿಸದಿದ್ದರೆ ಮೊಬೈಲ್ ಅಂಗಡಿಯವನೊಬ್ಬ ಕಾಯುತ್ತಿದ್ದಾನೆ. ಬ್ಯಾಂಕು ಕೊಡುವ ಸಾಲಕ್ಕೂ ಅವರು ಹೇಳಿದ ಬೆಲೆಗೂ ನಡುವೆ ಇದ್ದ ಹಳ್ಳವನ್ನು ಮುಚ್ಚಲು ನನ್ನ ಹತ್ತಿರ ಇದ್ದದ್ದು ಆ ಬಿಟ್‌ಕಾಯಿನ್ ಒಂದೇ. ಅದು ಕೈತಪ್ಪಿದರೆ ಅಂಗಡಿ ಹೋಯಿತು. ಅಂಗಡಿ ಹೋದರೆ ಅದರ ಮುಂದಿನ ಜಗಲಿಯೂ ಹೋಯಿತು. ಜಗಲಿಯವರೇನೂ ಕೇಳಲಿಲ್ಲ, ಆದರೆ ಹನ್ನೊಂದು ಗಂಟೆಯ ಟೀ ಕುಡಿಯುವಾಗ ಇಬ್ಬರಿಗೂ ಅದೇ ಯೋಚನೆ.

ಆಗಲೇ ನನಗೆ ಆ ಹನ್ನೆರಡು ಪದಗಳ ನೆನಪಾದದ್ದು. ವಾಲೆಟ್ ಹಾಕಿಕೊಂಡಾಗ ಫೋನು ಹನ್ನೆರಡು ಸಾಧಾರಣ ಇಂಗ್ಲಿಷ್ ಪದಗಳನ್ನು ತೋರಿಸುತ್ತದೆ. ಮರ, ನದಿ, ಕುರ್ಚಿ, ಈ ಥರದವು. ಅದನ್ನು ಅದೇ ಕ್ರಮದಲ್ಲಿ ಬರೆದಿಟ್ಟುಕೊಳ್ಳಬೇಕು. ಫೋನು ಒಡೆದುಹೋದರೂ ಆ ಪದಗಳಿದ್ದರೆ ಬೇರೆ ಫೋನಿನಲ್ಲಿ ಎಲ್ಲ ವಾಪಸ್ ಬರುತ್ತದೆ. ಪದಗಳನ್ನು ಕಂಡ ಬೇರೆಯವನಿಗೂ ಅಷ್ಟೇ ಸುಲಭವಾಗಿ ಬರುತ್ತದೆ. ನಾನು ಬರೆದಿಟ್ಟಿದ್ದ ಡೈರಿಯನ್ನು ತೆಗೆದರೆ ಬೆಳ್ಳಿಹುಳ ಒಂದು ಮೂಲೆ ತಿಂದಿತ್ತು. ಇನ್ನೊಂದು ಬೆರಳಗಲ ತಿಂದಿದ್ದರೆ ಒಂದು ಪದ ಹೋಗುತ್ತಿತ್ತು. ಸ್ಟೀಲಿನ ಮೇಲೆ ಕೊರೆಸಿಬಿಡೋಣ, ಕೊರೆಯುವವರು ಬಾಗಿಲಲ್ಲೇ ಇದ್ದಾರಲ್ಲ ಎಂದು ಚೀಟಿ ಹಿಡಿದು ಅವರ ಬಳಿಗೆ ಹೋದೆ.

ಅವರು ಚೀಟಿ ಮುಟ್ಟಲಿಲ್ಲ. ಮೊದಲು ವಿಷಯ ಹೇಳು ಎಂದರು. ಹೇಳಿದೆ.

"ಅಂದ್ರೆ ಎಸ್ರೇ ಇಲ್ದಿರೋ ಪಾತ್ರೆ" ಎಂದರು. "ಯಾರ್ ಕೈಲೈತೋ ಅವ್ರದ್ದು. ನಂದು ಅಂತ ಜಗಳ ಆಡಕ್ಕೂ ಆಗಲ್ಲ."

"ಹೌದು."

"ಹಂಗಾದ್ರೆ ನಾನು ಕೊರೆಯಲ್ಲ. ನೀನೇ ಕೊರ್ಕೊ."

"ನೀವು ಅಕ್ಷರ ಓದಲ್ವಲ್ಲ ಅಣ್ಣ."

"ಓದಲ್ಲ. ಆದ್ರೆ ನಾಳೆ ನಿಂದು ಏನಾದ್ರೂ ಕಳ್ದೋದ್ರೆ, ಮೊದ್ಲು ನನ್ ಮುಖ ನೋಡ್ತೀಯ. ನೀನು ನೋಡ್ದೆ ಇದ್ರೂ ನೋಡ್ತಿದೀಯ ಅಂತ ನಂಗನ್ಸ್ತದೆ."

ಮಿಷನ್ನನ್ನು ನನ್ನ ಕೈಗೆ ಕೊಟ್ಟು, ಪೆಟ್ಟಿಗೆಯಿಂದ ಹಳೆಯ ಮುಚ್ಚಳವೊಂದನ್ನು ತೆಗೆದು, ಇದರ ಮೇಲೆ ಕೈ ಪಳಗಿಸು, ಬೇರೆ ಏನಾದರೂ ಬರಿ, ಆ ಪದಗಳನ್ನು ಬರೆಯಬೇಡ ಎಂದರು. ನಾನು ಅ ಆ ಇ ಈ ಗೀಚಿದೆ. ಅವರು ಮುಚ್ಚಳವನ್ನು ತಗೊಂಡು, ಗೀಚಿದ್ದು ಬರೀ ವರ್ಣಮಾಲೆಯಾದರೂ ಎಮರಿ ಹಾಳೆಯಲ್ಲಿ ಉಜ್ಜಿ ಅಳಿಸಿ, ಎದ್ದು ಹೋಗಿ ಮೆಟ್ಟಿಲ ಮೇಲೆ ರಸ್ತೆಯ ಕಡೆ ಮುಖ ಮಾಡಿ ಕೂತರು. ಮುಕ್ಕಾಲು ಗಂಟೆ ಅವರ ಬೆನ್ನು ಹಾಗೇ ಇತ್ತು. ಎದುರಿನ ಹೂವಿನವಳು ಏನೋ ಕೇಳಿದರೂ ಈ ಕಡೆ ತಿರುಗಲಿಲ್ಲ.

ಎಡವಟ್ಟು ಮಾಡಿದ್ದು ನಾನು. ಅವರು ತುಂಡು ತಗಡಿನ ಮೇಲೆ ಕೊರೆ ಎಂದಿದ್ದರು. ನನಗೆ ಬುದ್ಧಿವಂತಿಕೆ ಉಕ್ಕಿ, ಮನೆಯಿಂದ ಒಂದು ಸ್ಟೀಲ್ ಡಬ್ಬಿ ತಂದು ಅದರ ಮುಚ್ಚಳದ ಒಳಭಾಗದಲ್ಲಿ ಕೊರೆದೆ. ಅಡುಗೆಮನೆಯ ಅಟ್ಟದ ಮೇಲಿನ ಡಬ್ಬಿಯನ್ನು ಯಾವ ಕಳ್ಳ ನೋಡುತ್ತಾನೆ ಎಂದು ನನ್ನ ತರ್ಕ. "ಪಾತ್ರೆ ಬ್ಯಾಡ ಕಣಪ್ಪ, ಪಾತ್ರೆ ಒಂದ್ ಕಡೆ ಇರಲ್ಲ" ಎಂದರು. ನಾನು ಕೇಳಲಿಲ್ಲ. ಗುಟ್ಟು ಗುಟ್ಟಾಗಿಯೇ ಇರಲಿ ಎಂದು ಹೆಂಡತಿಗೂ ಹೇಳಲಿಲ್ಲ. ಡೈರಿಯ ಹಾಳೆಯನ್ನು ಸುಟ್ಟು ಹಾಕಿ ಬಹಳ ಸಮಾಧಾನದಿಂದ ಮಲಗಿದೆ.

ಸಂಕ್ರಾಂತಿಗೆ ಹತ್ತು ದಿನ ಇರುವಾಗ ಅಟ್ಟ ನೋಡಿದರೆ ಡಬ್ಬಿ ಇಲ್ಲ.

ಅವರೆಕಾಯಿ ಕಾಲ. ನನ್ನ ಹೆಂಡತಿ ಒಂದು ಮಣ ಅವರೆ ತಂದು, ಹಿತಕಿ, ಬೇಳೆ ಮಾಡಿ, ಗೊತ್ತಿದ್ದ ಮನೆಗಳಿಗೆಲ್ಲ ಡಬ್ಬಿ ಡಬ್ಬಿ ಹಂಚಿದ್ದಳು. ಯಾವ ಡಬ್ಬಿ ಯಾರ ಮನೆಗೆ ಹೋಯಿತು ಎಂದು ಕೇಳಿದರೆ ನಕ್ಕಳು. "ನೆನಪಿಟ್ಕೊಳಕ್ಕೆ ಆಗುತ್ತೇನ್ರೀ? ತಳದಲ್ಲಿ ನನ್ನ ಹೆಸ್ರಿದೆಯಲ್ಲ, ಬರುತ್ತೆ ಬಿಡಿ." ಹೌದು, ಆ ಹೆಸರು ಕೊರೆದದ್ದು ನಮ್ಮ ಜಗಲಿಯವರೇ. ಈ ಊರಿನ ಪಾತ್ರೆಗಳೆಲ್ಲ ಆ ಹೆಸರಿನ ಧೈರ್ಯದ ಮೇಲೆ ಮನೆ ಮನೆ ಸುತ್ತುತ್ತವೆ. ನಾನು ಹುಟ್ಟಿದಾಗಿನಿಂದ ಅದನ್ನು ನೋಡುತ್ತಿದ್ದೇನೆ. ಡಬ್ಬಿಯನ್ನು ಆರಿಸುವಾಗ ಅದೊಂದು ಮಾತ್ರ ಹೊಳೆಯಲಿಲ್ಲ.

ಅಂಗಡಿಗೆ ಓಡಿದೆ. ಅವರಿಗೆ ವಿಷಯ ಹೇಳುತ್ತಲೇ ಫೋನು ತೆಗೆದು ಬಡಾವಣೆಯ ವಾಟ್ಸಾಪ್ ಗ್ರೂಪಿಗೆ ಬರೆಯತೊಡಗಿದೆ. ಮುಚ್ಚಳದ ಒಳಗೆ ಹನ್ನೆರಡು ಇಂಗ್ಲಿಷ್ ಪದಗಳಿರುವ ಡಬ್ಬಿ ಯಾರ ಮನೆಗಾದರೂ ಬಂದಿದ್ದರೆ ದಯವಿಟ್ಟು ತಕ್ಷಣ ತಿಳಿಸಿ, ತುಂಬಾ ಮುಖ್ಯವಾದದ್ದು. ಕಳಿಸುವ ಗುಂಡಿಯ ಮೇಲೆ ಬೆರಳಿಟ್ಟಾಗ ಅವರು ಫೋನಿನ ಮೇಲೆ ತಮ್ಮ ಅಂಗೈ ಮುಚ್ಚಿದರು.

"ಇದುವರ್ಗೂ ಅದು ಡಬ್ಬಿ. ನೀನು ಇದನ್ನ ಕಳ್ಸಿದ್ ಮೇಲೆ ಅದು ತಿಜೋರಿ" ಎಂದರು. "ಬೀಗದ್ ಕೈ ಎಲ್ಲೋ ಬಿದ್ದೋದ್ರೆ ಕೈ ಹುಡುಕ್ತಾ ಕೂತ್ಕತೀಯ? ಬೀಗ ಬದ್ಲಾಯ್ಸು. ದುಡ್ಡು ಇನ್ನೂ ನಿನ್ ಫೋನಲ್ಲೈತ?"

ಇತ್ತು. ಬೇರೆ ಹನ್ನೆರಡು ಪದಗಳ ಹೊಸ ವಾಲೆಟ್ ಮಾಡಿ, ಹಳೆಯದರಲ್ಲಿದ್ದದ್ದನ್ನು ಅದಕ್ಕೆ ಕಳಿಸಿಬಿಟ್ಟರೆ ಡಬ್ಬಿಯ ಮೇಲಿನ ಪದಗಳು ಬರೀ ಪದಗಳಾಗುತ್ತವೆ. ಇದು ನನಗೆ ಗೊತ್ತಿತ್ತು. ಗಾಬರಿಯಲ್ಲಿ ತಲೆಗೆ ಬಂದಿರಲಿಲ್ಲ. ಬಿಟ್‌ಕಾಯಿನ್ನಿನ ಬಗ್ಗೆ ಏನೂ ಓದದ ಆ ಫಿಟ್ಟರಿಗೆ ಬಂತು.

ಅಂಗಡಿಯ ಷಟರ್ ಅರ್ಧ ಎಳೆದೆವು. ಮನೆಯಲ್ಲಿ ಬಿದ್ದಿದ್ದ ಹಳೆಯ ಫೋನನ್ನು ಪೂರ್ತಿ ಅಳಿಸಿ ಅದರಲ್ಲಿ ಹೊಸ ವಾಲೆಟ್ ಹಾಕಿದೆ. ಅವರು ಒಂದು ದಪ್ಪ ತಗಡು ಕತ್ತರಿಸಿ, ಅಂಚು ಅರೆದು ಕೊಟ್ಟು, ಮತ್ತೆ ರಸ್ತೆಯ ಕಡೆ ತಿರುಗಿ ಕೂತರು. ಹನ್ನೆರಡು ಪದಗಳನ್ನು ಕೊರೆದು ಮುಗಿಸಿ, ಈಗ ಕಳಿಸುತ್ತೇನೆ ಎಂದೆ.

"ಕೊರೆದಿರೋದು ಸರಿ ಅಂತ ಎಂಗ್ ಗೊತ್ತು?" ಎಂದರು ಮುಖ ತಿರುಗಿಸದೆ. "ಟೂಲ್ ರೂಮಲ್ಲಿ ಡೈ ಅಚ್ಚು ಮಾಡಿದ್ ತಕ್ಷಣ ಮಾಲು ಒತ್ತಕ್ಕೆ ಕಳ್ಸಲ್ಲ. ಫೋನಲ್ಲಿರೋದನ್ನ ಅಳ್ಸು. ತಗಡು ನೋಡ್ಕೊಂಡು ವಾಪಸ್ ಬರ್ಸು. ಬಂದ್ರೆ ಸರಿ."

ಖಾಲಿ ವಾಲೆಟ್ ತಾನೆ ಎಂದು ಅಳಿಸಿದೆ. ತಗಡು ನೋಡಿಕೊಂಡು ಪದಗಳನ್ನು ಹಾಕಿದೆ. ತಪ್ಪು ಎಂದಿತು ಫೋನು. ಮತ್ತೆ ಹಾಕಿದೆ. ಮತ್ತೆ ತಪ್ಪು. ಆತುರದಲ್ಲಿ ಎಲ್ಲೋ ಎರಡು ಪದಗಳನ್ನು ಹಿಂದುಮುಂದು ಮಾಡಿದ್ದೆನೋ, ಒಂದಕ್ಕೆ ಇನ್ನೊಂದನ್ನು ಬರೆದಿದ್ದೆನೋ, ಗೊತ್ತಾಗಲೇ ಇಲ್ಲ. ಅವರ ಮಾತು ಕೇಳದೆ ಮೊದಲು ಕಳಿಸಿ, ಆಮೇಲೆ ಎಂದಾದರೂ ಆ ಫೋನು ಕೆಟ್ಟಿದ್ದರೆ ಅಂಗಡಿಯ ಜಾಗ ಅಲ್ಲೇ ಮುಗಿಯುತ್ತಿತ್ತು. ಅವರು ಇನ್ನೊಂದು ತಗಡು ಕತ್ತರಿಸಿದರು. ಹೊಸ ವಾಲೆಟ್, ಹೊಸ ಪದಗಳು, ಒಂದೊಂದು ಪದವನ್ನೂ ಎರಡೆರಡು ಸಲ ತಾಳೆ ನೋಡಿ ಕೊರೆದೆ. ಅಳಿಸಿ ಹಾಕಿದರೆ ಈ ಸಲ ವಾಪಸ್ ಬಂತು.

"ಈಗ ಒಂದ್ ಸ್ಯಾಂಪಲ್ ಪೀಸು" ಎಂದರು. ಮೊದಲು ಒಂದು ಚೂರು ಕಳಿಸಿದೆ. ಅದು ತಲುಪಿದ್ದು ಖಾತ್ರಿಯಾದ ಮೇಲೆ ಮಿಕ್ಕದ್ದನ್ನು ಕಳಿಸಲು ಹೋದರೆ, "ಎಲ್ಲಾನೂ ಬ್ಯಾಡ. ಅಲ್ಲೊಂದಿಷ್ಟು ಬುಟ್ಟಿರು. ಯಾರಾದ್ರೂ ಒಳಕ್ಕೆ ಬಂದಿದ್ರೆ ನಮ್ಗೆ ತಿಳೀಬೇಕಲ್ಲ" ಎಂದರು. ಮನೆಮಂದಿ ಹೋಟೆಲಿಗೆ ಹೋಗಿ ಹೊಟ್ಟೆ ತುಂಬ ತಿಂಡಿ ತಿಂದು ಬರುವಷ್ಟನ್ನು ಹಳೆಯದರಲ್ಲಿ ಬಿಟ್ಟು ಮಿಕ್ಕದ್ದೆಲ್ಲ ಕಳಿಸಿದೆ.

ಕಳಿಸಿದ್ದು ಆ ದೊಡ್ಡ ಪುಸ್ತಕದಲ್ಲಿ ದಾಖಲಾಗಿ ಗಟ್ಟಿಯಾಗಲು ಅರ್ಧ ಮುಕ್ಕಾಲು ಗಂಟೆ ಬೇಕು. ಹಾಗೆ ಕಾಯುತ್ತಾ ಕೂತಾಗ ಅವರು ಒಂದು ವಿಷಯ ಹೇಳಿದರು. ಹದಿನಾಲ್ಕು ವರ್ಷದ ನೆರೆಯಲ್ಲಿ ತಮ್ಮ ಮನಸ್ಸಿನೊಳಗಿನದನ್ನು ಅವರಾಗಿ ಹೇಳಿದ್ದು ಅದೊಂದೇ. ಟೂಲ್ ರೂಮಿಗೆ ಒಮ್ಮೆ ಹೊಸ ಪಾರ್ಟಿನ ಡ್ರಾಯಿಂಗ್ ಬಂದಿತ್ತು. ಯಾರಿಗೂ ಹೇಳುವಂತಿರಲಿಲ್ಲ. ಕೆಲಸ ಸೊಗಸಾಗಿದ್ದ ಖುಷಿಗೆ ಅವರು ಶಿಫ್ಟ್ ಬಸ್ಸಿನಲ್ಲಿ ಪಕ್ಕದವನಿಗೆ ಅದರ ಅಳತೆ ಸಮೇತ ವರ್ಣಿಸಿದರು. ವಿಷಯ ಹೊರಗೆ ಹೋಯಿತು. ಅನುಮಾನ ಜೊತೆಯ ಫಿಟ್ಟರ್ ಮೇಲೆ ಬಂದು ಅವನ ಕೆಲಸ ಹೋಯಿತು.

"ನಾನೇ ಅಂತ ಯೇಳ್ಲಿಲ್ಲ ಕಣಪ್ಪ. ಮಕ್ಳು ಚಿಕ್ಕವಿದ್ವು. ಯೇಳ್ಬೇಕಾದ್ ಕಡೆ ಬಾಯ್ ಮುಚ್ಕೊಂಡೆ, ಮುಚ್ಚಬೇಕಾದ್ ಕಡೆ ಬುಟ್ಟಿದ್ದೆ."

ನಾನು ಫೋನು ನೋಡಿದೆ. ಹಣ ತಲುಪಿತ್ತು. ಅವರು ಎದ್ದು ಹಾಳಾದ ಮೊದಲ ತಗಡನ್ನು ಉಜ್ಜಿ ಅಳಿಸಿ ತುಂಡು ಮಾಡಿದರು. ಆಮೇಲೆ ಒಂದು ಮಾತು ಸೇರಿಸಿದರು. "ಈ ತಗಡು ಎಲ್ಲೈತೆ ಅಂತ ಇವತ್ತೇ ಮನೇಲಿ ಯೇಳು. ಆವಮ್ಮಂಗೆ ಗೊತ್ತಿದ್ದಿದ್ರೆ ಡಬ್ಬಿ ಆಚೆಗೇ ಓಯ್ತಿರ್ಲಿಲ್ಲ. ಗುಟ್ಟು ಅಂದ್ರೆ ಯಾರ್ಗೂ ಗೊತ್ತಿಲ್ದಿರೋದಲ್ಲ, ಗೊತ್ತಿರ್ಬೇಕಾದೋರ್ಗೆ ಮಾತ್ರ ಗೊತ್ತಿರೋದು." ಅಂದು ಹೆಂಡತಿಗೆ ಎಲ್ಲ ಹೇಳಿದೆ. ಬೈದಳು, ನ್ಯಾಯವಾಗಿಯೇ ಬೈದಳು.

ಸಂಕ್ರಾಂತಿಯ ದಿನ ಹಿಂದಿನ ಬೀದಿಯ ಟೀಚರಮ್ಮ ನಮ್ಮ ಡಬ್ಬಿಯನ್ನು ವಾಪಸ್ ತಂದರು. ಖಾಲಿ ಕೊಡಬಾರದೆಂದು ತುಂಬ ಎಳ್ಳುಬೆಲ್ಲ, ಮೇಲೆ ನಾಲ್ಕು ಸಕ್ಕರೆ ಅಚ್ಚು. "ಮುಚ್ಚಳದಲ್ಲಿ ಏನೋ ಇಂಗ್ಲಿಷ್ ಪದ ಬರ್ಸಿದೀರಲ್ಲ, ಒಗಟಾ? ನಮ್ಮ ಅಳಿಯಂದ್ರು ಫೋಟೋ ತೆಗೆದು ಫ್ಯಾಮಿಲಿ ಗ್ರೂಪಿಗೆ ಹಾಕಿದ್ರು, ಬಿಡ್ಸಿ ನೋಡೋಣ ಅಂತ. ಯಾರಿಗೂ ಆಗ್ಲಿಲ್ಲ" ಎಂದು ನಕ್ಕರು. ನಾನೂ ನಕ್ಕೆ. ಅವರು ಅತ್ತ ಹೋದ ಮೇಲೆ ಹಳೆಯ ವಾಲೆಟ್ ತೆಗೆದು ನೋಡಿದೆ. ಬಿಟ್ಟಿದ್ದ ಚೂರು ಅಲ್ಲಿರಲಿಲ್ಲ. ಯಾರೋ ಒಬ್ಬರಿಗೆ ಒಗಟು ಬಿಡಿಸಲು ಬಂದಿತ್ತು.

ಟೀಚರಮ್ಮನ ಮನೆಗೆ ಹೋಗಿ ಕೇಳಿಯೇ ಬಿಡುತ್ತೇನೆ ಎಂದು ಜಗಲಿಯಲ್ಲಿ ಕೂಗಾಡಿದೆ. ಅವರು ಸಕ್ಕರೆ ಅಚ್ಚು ಕಡಿಯುತ್ತಾ ಕೇಳಿಸಿಕೊಂಡರು.

"ಯಾರೋ ತಿಂಡಿ ತಿಂದ್ರು ಅಂದ್ಕೊ. ನೀನು ಕೇಳಕ್ಕೋದ್ರೆ ಆ ಗುಂಪಲ್ಲಿರೋ ಅಷ್ಟೂ ಜನದ್ ಮೇಲೆ ಅನುಮಾನ ಬರ್ತದೆ. ಮಾಡಿದೋನು ಒಬ್ಬ, ಅನುಭವ್ಸೋನು ಇನ್ನೊಬ್ಬ ಆಯ್ತಾನೆ. ಬುಟ್ಬುಡು."

ಬಿಟ್ಟೆ. ಅವರು ಯಾರನ್ನು ನೆನೆದು ಹಾಗೆಂದರು ಎನ್ನುವುದು ನನಗೆ ಗೊತ್ತಿತ್ತು. ಬಿಟ್‌ಕಾಯಿನ್ ಮಾರಿ, ತೆರಿಗೆ ಕಟ್ಟಿ, ಮುಂದಿನ ವಾರ ಅಂಗಡಿಯ ಜಾಗವನ್ನು ನನ್ನ ಮತ್ತು ಹೆಂಡತಿಯ ಹೆಸರಿಗೆ ಬರೆಸಿಕೊಂಡೆವು. ಅಂದೂ ಹನ್ನೊಂದು ಗಂಟೆಗೆ ಟೀ ಬಂತು. ಇವತ್ತು ನಾನು ಕೊಡಿಸುತ್ತೇನೆ ಅಣ್ಣ ಎಂದರೆ, ಕರೆಂಟು ನಿಂದಲ್ಲವಾ ಎಂದರು.

ಹೋದ ತಿಂಗಳು ಅವರ ತಿಥಿ ಮುಗಿದ ಮೂರನೆಯ ದಿನ ಅವರ ಹೆಂಡತಿ ಅಂಗಡಿಗೆ ಬಂದರು. ನಾನು ಅವರನ್ನು ಅಕ್ಕ ಎನ್ನುತ್ತೇನೆ. ಒಂದು ಕೈಯಲ್ಲಿ ಮಿಷನ್ನು, ಇನ್ನೊಂದು ಕೈಯಲ್ಲಿ ಅವರು ಜಗಲಿಯಲ್ಲಿ ನೀರು ಕುಡಿಯುತ್ತಿದ್ದ ಸ್ಟೀಲ್ ಚೊಂಬು. ಊರಿಗೆಲ್ಲ ಹೆಸರು ಹಾಕಿದವರ ಮನೆಯಲ್ಲಿ ಒಂದು ಲೋಟಕ್ಕೂ ಹೆಸರಿರಲಿಲ್ಲ. ಆ ಚೊಂಬಿಗೂ ಇರಲಿಲ್ಲ.

"ಇದೊಂದನ್ನ ನಾನಿಟ್ಕತೀನಿ. ಇದ್ರ ಮೇಲೆ ಒಂದು ಮಾತು ಬರ್ಸ್ಬೇಕು" ಎಂದರು ಅಕ್ಕ.

"ಏನ್ ಬರೀಲಿ ಹೇಳಿ ಅಕ್ಕ." ಕಾಗದ ಪೆನ್ನು ತೆಗೆದುಕೊಂಡೆ.

ಅಕ್ಕ ಸೆರಗಿನಿಂದ ಚೊಂಬಿನ ಅಂಚು ಒರೆಸಿದರು. "ಅವ್ರು ನನ್ನ ಒಂದ್ ಎಸ್ರಿಂದ ಕರೀತಿದ್ರು, ಯಾರೂ ಇಲ್ದಾಗ. ಬಾಯ್ಬುಟ್ಟು ಯೇಳಕ್ಕೆ ನಾಚ್ಕೆ ಆಯ್ತದೆ ಕಣಪ್ಪ."

ಮಿಷನ್ನಿನ ವೈರನ್ನು ಅದರ ಹಳೆಯ ಜಾಗಕ್ಕೇ ಸಿಕ್ಕಿಸಿದೆ. ಪೆಟ್ಟಿಗೆಯಲ್ಲಿ ಹಿಂದೆ ನಾನು ಅ ಆ ಇ ಈ ಗೀಚಿದ್ದ ಆ ಹಳೆಯ ಮುಚ್ಚಳ ಹಾಗೇ ಇತ್ತು. ಮೊದಲು ಇದರ ಮೇಲೆ ಕೈ ಪಳಗಿಸಿಕೊಳ್ಳಿ, ಆಮೇಲೆ ಚೊಂಬು ಹಿಡೀರಿ ಎಂದು ತೋರಿಸಿಕೊಟ್ಟು, ಹೋಗಿ ಮೆಟ್ಟಿಲ ಮೇಲೆ ರಸ್ತೆಯ ಕಡೆ ಮುಖ ಮಾಡಿ ಕೂತೆ. ಹಿಂದೆ ಮಿಷನ್ನು ತಡೆದು ತಡೆದು ಗುಂಯ್ ಎನ್ನುತ್ತಿತ್ತು. ಎದುರಿನ ಹೂವಿನವಳು ನನ್ನನ್ನು ನೋಡಿ ಏನೋ ಕೇಳಲು ಬಾಯಿ ತೆರೆದು, ಮತ್ತೆ ಹೂ ಕಟ್ಟತೊಡಗಿದಳು. ನನ್ನ ಕಣ್ಣಿನಲ್ಲಿ ನೀರಿತ್ತು, ಒರೆಸಿಕೊಳ್ಳಲಿಲ್ಲ.

ಸದ್ದು ನಿಂತು ಎಷ್ಟೋ ಹೊತ್ತಾದ ಮೇಲೆ ಅಕ್ಕ ಪಕ್ಕಕ್ಕೆ ಬಂದು ನಿಂತರು. ಚೊಂಬು ಸೆರಗಿನೊಳಗಿತ್ತು. "ಬರ್ತೀನಿ" ಎಂದರು. ಮಿಷನ್ನನ್ನು ಇಲ್ಲೇ ಇಟ್ಟುಕೋ ಎಂದು ಕೈ ತೋರಿಸಿ ಹೋದರು.

ಎದ್ದು ಬಂದು ನೋಡಿದರೆ ಕೈ ಪಳಗಿಸಿದ ಮುಚ್ಚಳ ಮಣೆಯ ಮೇಲೆ ಅಂಗಾತ ಬಿದ್ದಿತ್ತು. ಅದರ ತುಂಬ ಒಂದೇ ಮಾತು, ನಾಲ್ಕೈದು ಸಲ, ಸೊಟ್ಟಸೊಟ್ಟಗೆ. ಎಮರಿ ಹಾಳೆ ತೆಗೆದುಕೊಂಡು ಕೂತು ಮುಚ್ಚಳ ಹೊಳೆಯುವವರೆಗೂ ಉಜ್ಜಿದೆ. ಊಟದ ಡಬ್ಬಿ ಕೊಡಲು ಬಂದ ನನ್ನ ಹೆಂಡತಿ, ಅಕ್ಕ ಏನು ಬರೆದುಕೊಂಡು ಹೋದರು ಎಂದು ಕೇಳಿದಳು.

"ಅಕ್ಷರ ನೋಡ್ದೆ, ಓದ್ಲಿಲ್ಲ" ಎಂದೆ.